ಪಿಂಗಾಣಿ ಗೊಂಬೆಯ ಹರಿದ ಕಾಲು

"ಬಿದ್ದ ಗೊಂಬೆಗೆ ತಲೆ ಒಡೆಯುತ್ತೆ, ಒಪ್ಪಿದೆ. ಕಾಲು ಯಾಕೆ ಕಿತ್ತು ಬರುತ್ತೆ? ಅದೂ ಎರಡೂ ಕಾಲು? ಹೇಳಣ್ಣ, ಬಾಯಿಗೆ ಬೀಗ ಬಿತ್ತಾ?"

ಜನ ಇದ್ದಾರೆ, ಆಮೇಲೆ ಮಾತಾಡೋಣ ಎಂದು ಅಣ್ಣ ತಂಗಿಗೆ ಹಲ್ಲು ಕಚ್ಚಿಕೊಂಡೇ ಹೇಳಿದ. ಜನ ಎಂದರೆ ಇಬ್ಬರೇ, ಒಬ್ಬರು ನಿವೃತ್ತ ಮೇಷ್ಟ್ರು, ಇನ್ನೊಬ್ಬರು ಅವರ ಹೆಂಡತಿ. ಮನೆಯ ಮುಂದಿನ ಎರಡು ಕೋಣೆಗಳನ್ನು ಗೊಂಬೆ ಮ್ಯೂಸಿಯಂ ಮಾಡಿ ಇನ್ನೂ ಮೂರು ದಿನವಾಗಿತ್ತು. ಒಡೆದ ಗೊಂಬೆಗಳನ್ನು ರಿಪೇರಿ ಮಾಡುವುದು ಅಣ್ಣನ ಕಸುಬು. ಊರಿಗೆಲ್ಲ ಅವನು ಗೊಂಬೆ ಡಾಕ್ಟರ್. ಗಾಜಿನ ಕಪಾಟುಗಳಲ್ಲಿ ಇನ್ನೂರು ಚಿಲ್ಲರೆ ಗೊಂಬೆಗಳು, ಒಂದೊಂದರ ಪಕ್ಕದಲ್ಲೂ ರಿಪೇರಿಗೆ ಮುಂಚಿನ ಫೋಟೊ. ಬಂದವರು ಫೋಟೊ ನೋಡಿ, ಗೊಂಬೆ ನೋಡಿ, ತನ್ನ ಕೈಚಳಕಕ್ಕೆ ಮೂಗಿನ ಮೇಲೆ ಬೆರಳಿಡಬೇಕು, ಅಷ್ಟೇ ಅವನ ಆಸೆ.

ಆ ಫೋಟೊ ಚಪಲವೇ ಅವನ ತಲೆಗೆ ಬಂತು.

ಬಾಗಿಲೆದುರಿನ ಕಪಾಟಿನಲ್ಲಿ ಮೊಳದುದ್ದದ ಒಂದು ಗೊಂಬೆಯಿತ್ತು. ಪಿಂಗಾಣಿ ತಲೆ, ಮರದ ಹೊಟ್ಟು ತುಂಬಿದ ಬಟ್ಟೆಯ ಮೈ. ಕೆಳಗೆ ಚೀಟಿ: 'ಮಂಚದ ಮೇಲಿದ್ದ ಮಗಳ ಕೈಜಾರಿ, ಕೆಳಗೆ ಮಲಗಿದ್ದ ತಾಯಿಯ ಮುಖದ ಮೇಲೆ ಬಿದ್ದು ಒಡೆದದ್ದು.' ಅಣ್ಣ ಅದನ್ನು ಮೇಷ್ಟ್ರಿಗೆ ಓದಿ ಹೇಳಿ, ಅದೋ ಆ ಮಗಳು ಇವಳೇ ಎಂದು ನಗುತ್ತ ತಂಗಿಯನ್ನು ತೋರಿಸಿದ್ದ. ಬಾಗಿಲ ಬಳಿ ಮೇಜು ಹಾಕಿಕೊಂಡು ಟಿಕೆಟ್ ಹರಿಯುತ್ತಿದ್ದ ಅಮ್ಮನನ್ನೂ ತೋರಿಸಿದ್ದ. ಅಮ್ಮನ ಬಲಗಣ್ಣು ಗಾಜಿನದು.

ತಂಗಿಗೆ ಆಗ ಮೂರು ವರ್ಷ, ಈಗ ನಲವತ್ತೆರಡು. ಅಷ್ಟೂ ವರ್ಷ ಅವಳನ್ನು ಬೀದಿಯವರೆಲ್ಲ ಕಣ್ಣು ಕಿತ್ತವಳು ಎಂದೇ ಕರೆದರು. ಅಪ್ಪನಂತೂ ಬದುಕಿರುವವರೆಗೂ ಮನೆಗೆ ಬಂದವರೆದುರು ಅದನ್ನು ತಮಾಷೆ ಮಾಡಿ ಹೇಳುತ್ತಿದ್ದ. ಮದುವೆಯ ಮಾತು ಬಂದಾಗಲೆಲ್ಲ, ಅಮ್ಮನ ಕಣ್ಣಿಗೆ ದಿಕ್ಕು ಯಾರು ಎಂದು ಅವಳೇ ಮುರಿದಳು. ಇವತ್ತಿಗೂ ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ಬರುತ್ತಾಳೆ, ಗಾಜಿನ ಕಣ್ಣು ತೆಗೆದು ತೊಳೆದು, ಕಣ್ಣಿನ ಗುಳಿಯೊಳಗೆ ಔಷಧಿ ಹಾಕಿ ಹೋಗುತ್ತಾಳೆ. ಆ ಗೊಂಬೆ ಇಷ್ಟು ದಿನ ಟ್ರಂಕಿನಲ್ಲಿತ್ತು. ಒಡೆದಾಗಿನ ಅದರ ರೂಪವನ್ನು ಅವಳು ನೋಡಿದ್ದು ಇವತ್ತೇ ಮೊದಲು, ಫೋಟೊದಲ್ಲಿ: ತಲೆ ಒಡೆದಿತ್ತು, ಎರಡೂ ಕಾಲು ಕಿತ್ತು ಬಂದಿದ್ದವು.

ಅವಳ ಕಸುಬು ಬಸ್ಸು ಲಾರಿಗಳ ಸೀಟು ಹೊಲಿಯುವುದು. ಹರಿದದ್ದನ್ನು ನೋಡಿದರೆ ಹೇಗೆ ಹರಿಯಿತೆಂದು ಹೇಳುವುದು ಅವಳಿಗೆ ನೀರು ಕುಡಿದಷ್ಟು ಸುಲಭ.

ದಾರ ಹಳೆಯದು, ಟ್ರಂಕಿನಲ್ಲಿ ಕೊಳೆತು ಬಿಚ್ಚಿಕೊಂಡಿದೆ ಎಂದು ಅಣ್ಣ ಸಬೂಬು ಹೇಳಿದ.

"ದಾರ ಕೊಳೆತ್ರೆ ಹೊಲಿಗೆ ಬಿಚ್ಚುತ್ತೆ. ಈ ಫೋಟೊದಲ್ಲಿ ಹೊಲಿಗೆ ಕಲ್ಲಿನ ಹಾಗಿದೆ, ಪಕ್ಕದ ಬಟ್ಟೆ ಹರಿದಿದೆ. ಕಾಲು ಹಿಡಿದು ಬೀಸಿದ್ರೆ ಮಾತ್ರ ಹಿಂಗೆ ಹರಿಯೋದು. ಮೂರು ವರ್ಷದ ಮಗು ಬೀಸ್ತಾ ಇದನ್ನ? ಡಾಕ್ಟರಂತೆ ಡಾಕ್ಟರು. ಕಾಲು ಹೊಲಿಯೋವಾಗ ನಿನ್ನ ಕಣ್ಣೂ ಹೋಗಿತ್ತಾ?"

ತೆಪ್ಪಗೆ ಮನೆಗೆ ಹೋಗು ಎಂದು ಅವನು ಅವಳ ರಟ್ಟೆ ಹಿಡಿದ. ಅವಳು ಕೊಸರಿಕೊಂಡು ಕಪಾಟಿನ ಬಾಗಿಲು ತೆಗೆದು, ಗೊಂಬೆಯ ಎರಡೂ ಕಾಲನ್ನು ಒಂದೇ ಮುಷ್ಟಿಯಲ್ಲಿ ಹಿಡಿದಳು. ಬೀಸಿದಳು. ತಲೆ ಬಾಗಿಲ ಚೌಕಟ್ಟಿಗೆ ಬಡಿದು ಪುಡಿಯಾಯಿತು, ಮೈ ಹಾರಿ ಮೇಷ್ಟ್ರ ಕಾಲ ಬಳಿ ಬಿತ್ತು. ಕಾಲುಗಳೆರಡೂ ಅವಳ ಮುಷ್ಟಿಯಲ್ಲೇ ಉಳಿದವು. ಹೊಲಿಗೆ ಹಾಗೇ ಇತ್ತು. ಪಕ್ಕದ ಬಟ್ಟೆ ಹರಿದು ಹೊಟ್ಟು ಸುರಿಯುತ್ತಿತ್ತು, ಥೇಟ್ ಫೋಟೊದಲ್ಲಿದ್ದಂತೆ.

ಅಣ್ಣನ ಏಟು ಅವಳ ಬಾಯಿಗೆ ಬಿತ್ತು. ತುಟಿ ಸೀಳಿತು. ಅವಳೇನು ಸುಮ್ಮನೆ ಏಟು ತಿನ್ನುವವಳಲ್ಲ. ಕಬ್ಬಿಣದ ಸ್ಟೂಲೆತ್ತಿ ಬೀಸಿದಳು. ಅದು ಅವನ ಭುಜ ಸವರಿ ಕಪಾಟಿಗೆ ನುಗ್ಗಿತು. ಗಾಜು ಸುರಿಯಿತು, ಗೊಂಬೆಗಳು ಒಂದರ ಮೇಲೊಂದು ಉರುಳಿದವು. ಮೇಷ್ಟ್ರು ಹೆಂಡತಿಯ ಕೈ ಹಿಡಿದು ಗೋಡೆಗೆ ಅಂಟಿಕೊಂಡೇ ಜಾರಿಕೊಂಡರು. ಅಣ್ಣ ಅವಳನ್ನು ಗಾಜಿನ ಚೂರುಗಳ ಮೇಲೆ ಕೆಡವಿ, ಎದೆಯ ಮೇಲೆ ಕೂತು, ಒಂದು ಕೈಯಲ್ಲಿ ಕುತ್ತಿಗೆ ಅದುಮಿ ಇನ್ನೊಂದನ್ನು ಮೇಲೆತ್ತಿದ.

"ಬಿಡೋ. ನಿಮ್ಮಪ್ಪನ ಹಾಗೆ ಮುಖಕ್ಕೆ ಹೊಡೀಬೇಡ. ಅವಳ ಕಣ್ಣೂ ಹೋಗುತ್ತೆ," ಎಂದಳು ಅಮ್ಮ.

ಎತ್ತಿದ ಕೈ ಅಲ್ಲೇ ನಿಂತಿತು. ತಂಗಿ ಅವನನ್ನು ತಳ್ಳಿ ಎದ್ದು ಕೂತಳು. ನಿನಗೂ ಗೊತ್ತಿತ್ತಲ್ಲ ಎಂದು ಕೇಳಿದಳು. ಅವನಿಗೆ ಆಗ ಒಂಬತ್ತು ವರ್ಷ, ಅದೇ ಕೋಣೆಯಲ್ಲಿದ್ದ. ಅವನು ನೆಲದ ಮೇಲಿನ ಗೊಂಬೆಯ ಚೂರುಗಳನ್ನು ಆರಿಸತೊಡಗಿದ.

ಅಮ್ಮ ಮೇಜಿನ ಹಿಂದಿನಿಂದ ಏಳಲಿಲ್ಲ. ಆಸ್ಪತ್ರೆಯಲ್ಲಿ ಪೊಲೀಸಿನವನು ಬಂದು ಕೇಳಿದಾಗ ಅಪ್ಪ ಮಂಚದ ಕಾಲ ಬಳಿಯೇ ನಿಂತಿದ್ದನಂತೆ. ಮೂರು ವರ್ಷದ ಮಗುವನ್ನು ಯಾರೂ ಜೈಲಿಗೆ ಹಾಕುವುದಿಲ್ಲವೆಂದು ತಾನೇ ಮಗಳ ಹೆಸರು ಹೇಳಿದಳಂತೆ. ಇಷ್ಟನ್ನೂ ಅವಳು ಬೇರೆ ಯಾರದೋ ಮನೆಯ ಸುದ್ದಿಯಂತೆ ಹೇಳಿದಳು.

"ಆಗಿನದು ಸರಿ. ಅಪ್ಪ ಸತ್ತು ಆರು ವರ್ಷ ಆಯ್ತಲ್ಲಮ್ಮ. ಆಮೇಲಾದ್ರೂ ಯಾಕೆ ಹೇಳ್ಲಿಲ್ಲ?"

ಅಮ್ಮ ಟಿಕೆಟ್ ಪುಸ್ತಕದ ಅಂಚನ್ನು ಬೆರಳಿನಿಂದ ತೀಡಿದಳು.

"ಹೇಳಿದ್ರೆ ನೀನು ಭಾನುವಾರ ಬರ್ತಿದ್ಯಾ?"

ತಂಗಿ ಅಮ್ಮನ ಮುಖವನ್ನೇ ನೋಡಿದಳು, ಒಂದು ಕಣ್ಣು, ಇನ್ನೊಂದು ಕಣ್ಣು. ಅಂಗೈಗೆ ಚುಚ್ಚಿದ್ದ ಗಾಜಿನ ಚೂರನ್ನು ಹಲ್ಲಿನಿಂದ ಕಿತ್ತು ಉಗಿದಳು. ಚಪ್ಪಲಿ ಮೆಟ್ಟಿಕೊಂಡಳು. ಇವತ್ತು ಕಣ್ಣು ತೊಳೆಯುವುದು ಹಾಗೇ ಉಳಿಯಿತಲ್ಲ ಎಂದು ಅಮ್ಮ ಅಂದದ್ದು ಬೆನ್ನ ಹಿಂದೆ ಕೇಳಿಸಿತು. ಅವಳು ಮೆಟ್ಟಿಲಿಳಿದು ಬೀದಿಗೆ ಬಂದು, ಬಾಯಿಯ ರಕ್ತ ನುಂಗುತ್ತ, ಬಸ್ ಸ್ಟಾಪ್ ದಾಟಿ ನಡೆದೇ ಹೋದಳು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಆಮೇಲೆ ಬರಲೇ ಇಲ್ಲ.