ಗಡಿಯಾರ ಯಾರ ಕಡೆಯದು

ಕನ್ನಡಕದ ಮೇಲೆ ಚಹಾದ ಹಬೆ ಕೂತು ಎದುರಿನ ಗೋಡೆಯೇ ಮಾಯ, ಒರೆಸಿಕೊಳ್ಳಲೂ ಮನಸ್ಸಿಲ್ಲ, ಇರಲಿ, ಸ್ವಲ್ಪ ಹೊತ್ತು ಏನೂ ಕಾಣದಿದ್ದರೇ ಒಳ್ಳೆಯದು — ಹೋಗಿಲ್ಲ, ಒಂದಕ್ಷರಾನೂ ಹೊರಗೆ ಹೋಗಿಲ್ಲ ಮೇಡಂ, ಅಂತ ತಾತ ಈಗಷ್ಟೇ ಬಂದು ಹೇಳಿಹೋದ, ತಾತ ಅಂದರೆ ನನಗಿಂತ ಚಿಕ್ಕವನು, ತಲೆ ಬೇಗ ನೆರೆತದ್ದಕ್ಕೆ ಆಫೀಸು ಇಟ್ಟ ಹೆಸರು, ಏನು ಎಲ್ಲಿಗೆ ಹೋಯಿತೆಂದು ಜಾಲದ ದಾಖಲೆ ಜಾಲಾಡುವುದು ಅವನ ಕೆಲಸ, ಬೆಳಗಿನಿಂದ ಜಾಲಾಡಿದ್ದಾನೆ, ಅವನ ಬಾಯಿಗೆ ಸಕ್ಕರೆ ಹಾಕಬೇಕು, ಹೋದ ಜೀವ ಬಂದ ಹಾಗಾಯಿತು ಅನ್ನುತ್ತಾರಲ್ಲ, ಬಂದಿದೆ. ಎಲ್ಲ ಆ ಗಡಿಯಾರದ ಕಿತಾಪತಿ, ಆಸ್ಪತ್ರೆಯ ವೆಬ್ ಪುಟದ ಮೂಲೆಯಲ್ಲಿ ಮುದ್ದಾಗಿ ತಿರುಗುತ್ತಿತ್ತು, ಹುಷಾರಿಲ್ಲದವರು ಗಂಟೆ ನೋಡಲು ನಮ್ಮ ಪುಟಕ್ಕೆ ಬರುತ್ತಾರೆಯೇ — ಪುಟ ತೆರೆದ ಕೂಡಲೇ ಇಂಥ ಪುಟ್ಟ ಪ್ರೋಗ್ರಾಮುಗಳ, ಅಂದರೆ ಸ್ಕ್ರಿಪ್ಟುಗಳ, ದಂಡೇ ಇಳಿದು ರೋಗಿಯ ಫೋನಿನಲ್ಲೇ ಓಡತೊಡಗುತ್ತದೆ, ಅವನ್ನು ವಿಂಗಡಿಸಿ ಅಂಕೆಯಲ್ಲಿಡುವುದು ನನ್ನ ಪಾಲಿನದು, ನಾವೇ ಬರೆದವು ಮನೆಯವರು, ಹೊರಗಿನಿಂದ ತಂದ ಪ್ಲಗಿನ್‌ಗಳು ನೆಂಟರು, ಒಂದೊಂದನ್ನೂ ನಿಲ್ಲಿಸಿ ಕೇಳುತ್ತೇನೆ, ಯಾರ ಕಡೆಯವರಪ್ಪಾ ನೀವು? ಮದುವೆಮನೆಯಲ್ಲಿ ಒಬ್ಬ ಇರುತ್ತಾನಲ್ಲ, ಗಂಡಿನ ಕಡೆಯವನೆಂದು ಹೆಣ್ಣಿನವರು, ಹೆಣ್ಣಿನ ಕಡೆಯವನೆಂದು ಗಂಡಿನವರು, ಇಬ್ಬರೂ ಉಪಚರಿಸಿದ್ದೇ ಉಪಚರಿಸಿದ್ದು, ಗಡಿಯಾರವೂ ಹಾಗೇ ಒಳಗೆ ಬಂತು, ವಿನ್ಯಾಸದವರದ್ದು ಅಂದುಕೊಂಡರು ನೋಂದಣಿಯವರು, ನೋಂದಣಿಯವರದ್ದು ಅಂದುಕೊಂಡರು ವಿನ್ಯಾಸದವರು, ಕೇಳಿದರೆ ಇಬ್ಬರೂ ಕಣ್ಣು ಕಣ್ಣು ಬಿಟ್ಟರು, ತೆಗೆಯಲು ಮ್ಯಾನೇಜರ್ ಬಿಡಲಿಲ್ಲ, ಸರಿ, ತಿರುಗು, ಕುಣಿ, ಹೊರಗಿನ ಯಾರ ಜೊತೆಗೂ ಮಾತು ಮಾತ್ರ ಕೂಡದು ಎಂದು ಅದರ ಬಾಯಿ ಕಟ್ಟಿದೆ, ಅದಕ್ಕೂ ಮೂಗು ಮುರಿದರು, ಪಾಪದ ಗಡಿಯಾರಕ್ಕೂ ಕಾವಲಾ ನಿಮ್ದು, ಎಲ್ಲದ್ರಲ್ಲೂ ಅನುಮಾನ — ಮುರಿಯಲಿ, ಆ ಪಾಪದ ಗಡಿಯಾರ ಇವತ್ತು ಸಿಕ್ಕಿಬಿತ್ತು, ಮಾಡಿದವರಿಂದ ಅದನ್ನು ಇನ್ಯಾರೋ ಕೊಂಡು ಒಳಗಿನದನ್ನೆಲ್ಲ ಬದಲಿಸಿದ್ದಾರೆ, ರೋಗಿಗಳು ಒತ್ತುವ ಒಂದೊಂದು ಅಕ್ಷರವನ್ನೂ ಹೆಕ್ಕಿ ಯಾರಿಗೋ ಕಳಿಸಲು ನೋಡುತ್ತಿತ್ತು. ಬರೆದು ಅಳಿಸಿದ್ದನ್ನೂ.

ಅಳಿಸಿದ್ದನ್ನೂ ಎಂದು ಬೆಳಿಗ್ಗೆ ತಾತ ಹೇಳಿದಾಗ ಮೊದಲು ನೆನಪಾದದ್ದು ಅಕ್ಕ, ನನ್ನ ಅಕ್ಕ, ಮನೆಯ ಹೊಸ್ತಿಲು ದಾಟಲೂ ಹೆದರುವವಳು, ಮನಸ್ಸಿನ ಡಾಕ್ಟರಿಗೆ ಆ ಪುಟದಲ್ಲಿ ಬರೆಯಲು ಒಪ್ಪಿದ್ದೇ ನನ್ನ ಮಾತಿನ ಮೇಲೆ, ಬೇರೆ ಯಾರೂ ಓದಲ್ಲ ಅಲ್ವೇನೇ? ನಾನಿರೋದೇ ಅದಕ್ಕಲ್ವಾ ಅಕ್ಕ, ಧೈರ್ಯವಾಗಿ ಬರಿ ನೀನು — ಹೋದ ಭಾನುವಾರ, ಸೋಫಾದ ತುದಿಯಲ್ಲಿ ನನಗೆ ಬೆನ್ನು ಮಾಡಿ ಕೂತು ಒಂದೇ ಬೆರಳಲ್ಲಿ ಬರೆಯುತ್ತಾಳೆ, ಬರೆಯುವುದಕ್ಕಿಂತ ಅಳಿಸುವುದೇ ಹೆಚ್ಚು, ಟಪಟಪಟಪ, ಅದೇ ಗುಂಡಿ, ಅದೇ ಬೆರಳು, ನಾನು ಕಿಟಕಿಯ ಕಡೆ ಮುಖ ತಿರುಗಿಸಿದ್ದೇನೆ, ನಿದ್ದೆ ಬರಲ್ಲ ಅಂತ ಒಂದು ಸಾಲು ಕಳ್ಸಿದೀನಿ, ಸಾಕು ಬಿಡು, ಅನ್ನುತ್ತಾಳೆ, ಮಿಕ್ಕದ್ದೆಲ್ಲ ಆ ಬೆರಳಿನ ಕೆಳಗೆ ಹೋಯಿತು, ಆ ಮಿಕ್ಕದ್ದು ಯಾವನ ಕೈಗಾದರೂ ಸಿಕ್ಕಿದ್ದರೆ ಅವಳು ಇನ್ನು ಯಾರ ಮುಂದೆಯೂ ಬಾಯಿ ಬಿಡುತ್ತಿರಲಿಲ್ಲ, ನನ್ನ ಮುಂದಂತೂ ಇಲ್ಲವೇ ಇಲ್ಲ. ಸಿಕ್ಕಿಲ್ಲ. ಪ್ರತಿ ಸಲವೂ ಗಡಿಯಾರ ಬಾಗಿಲು ತಟ್ಟಿದೆ, ಪ್ರತಿ ಸಲವೂ ನಾನು ಮುಚ್ಚಿದ ಬಾಗಿಲು ತೆರೆದಿಲ್ಲ, ಈಗ ಗಡಿಯಾರವನ್ನೇ ಕಿತ್ತೆಸೆದಾಯಿತು, ಅಬ್ಬಾ, ಕುಣಿಯಬೇಕು ಅನ್ನಿಸುತ್ತಿದೆ. ಬೇರೆಯವರಿಗೆಲ್ಲ ಆಸ್ಪತ್ರೆಯೇ ತಿಳಿಸುತ್ತದಂತೆ, ಅಕ್ಕನಿಗೆ ಮಾತ್ರ ನಾನೇ ಹೇಳಬೇಕು, ಫೋನ್ ಮಾಡಿದೆ, ಎತ್ತಿದಳು, ಒಂದೇ ಉಸಿರಿಗೆ ಹೇಳಿಬಿಟ್ಟೆ — ಅಳ್ಸಿದ್ದೂ ಸಿಗತ್ತಾ? ಸಿಗ್ತಿತ್ತು ಅಕ್ಕ, ಸಿಕ್ಕಿಲ್ಲ, ಯಾರಿಗೂ ಸಿಕ್ಕಿಲ್ಲ. ನಿಂಗೂ? ನಂಗೂ. ಮುಗಿಯಿತು ಕಥೆ, ಇನ್ನು ಇವಳು ಆ ಡಾಕ್ಟರ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದುಕೊಳ್ಳುವಷ್ಟರಲ್ಲಿ — ಒಳ್ಳೇದಾಯ್ತು ಬಿಡು, ಆ ಅಳ್ಸಿದ್ದನ್ನ ನಿಂಗೆ ನಾನೇ ಹೇಳ್ಬೇಕು, ಸಂಜೆ ಬರ್ತೀಯಾ? ಬರುತ್ತೇನೆ, ಬರದೆ, ಓಡಿ ಬರುತ್ತೇನೆ, ಏನೆಂದು ಕೇಳುವುದಿಲ್ಲ, ಕಿಟಕಿಯ ಕಡೆ ತಿರುಗುವುದೂ ಇಲ್ಲ, ಈಗಲೇ ಕಾಣುತ್ತಿದೆ, ಸೋಫಾದ ತುದಿ, ಅಕ್ಕ ಈ ಕಡೆ ಮುಖ ಮಾಡಿ, ಮಡಿಲಲ್ಲಿ ಆ ಬೆರಳು, ಏನನ್ನೂ ಒತ್ತದೆ, ಏನನ್ನೂ ಅಳಿಸದೆ, ಸುಮ್ಮನೆ, ಆ ಬೆರಳು…