ಬೋಳು ಮೂಗಿನ ಮದುಮಗಳು

ಕಾಳಗಿಯ ಹೆಂಗಸರಿಗೆಲ್ಲ ನನ್ನ ಮೂಗಿನ ಮೇಲೇ ಕಣ್ಣು. ಅದು ಬೋಳು, ಮೂಗುತಿಯಿಲ್ಲ. ಚಿಕ್ಕವಳಿದ್ದಾಗ ಬಂಗಾರದ ಕೆಲಸದ ಪತ್ತಾರ ಮೂಗು ಚುಚ್ಚಿ ಬಂಗಾರದ ತಂತಿ ಹಾಕಿದ್ದ. ವಾರದೊಳಗೆ ಕೀವು ತುಂಬಿ, ಕಣ್ಣು ಮುಚ್ಚುವಷ್ಟು ಮುಖ ಬಾತುಕೊಂಡಿತು. ಜ್ವರದಲ್ಲಿ ಬಡಬಡಿಸುತ್ತಿದ್ದ ನನ್ನನ್ನು ಗುಲ್ಬರ್ಗದ ದವಾಖಾನೆಗೆ ಹೊತ್ತೊಯ್ದರು. ಹೇಗೋ ಬದುಕಿದೆ. ತೂತು ಮುಚ್ಚಿ ಒಂದು ಗಂಟು ಉಳಿಯಿತು. ಇನ್ನೊಮ್ಮೆ ಚುಚ್ಚಿಸಿದರೆ ಜೀವಕ್ಕೆ ಅಪಾಯ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಡಾಕ್ಟರ ಮಾತು ಗುಲ್ಬರ್ಗದಲ್ಲೇ ಉಳಿಯಿತು. ಊರಲ್ಲಿ ನಡೆದದ್ದು ಬೇರೆ ಮಾತು, ಬೋಳು ಮೂಗಿನವಳು ಗಂಡನಿಗೆ ಆಗಿಬರುವುದಿಲ್ಲ ಎಂದು. ನೋಡಲು ಬಂದವರೆಲ್ಲ ಉಪ್ಪಿಟ್ಟು ತಿಂದು, ಮೂಗು ನೋಡಿ, ಎದ್ದು ಹೋದರು. ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟ ಮರುವರ್ಷ ಶಹಾಬಾದಿನಿಂದ ಒಂದು ಸಂಬಂಧ ಬಂತು. ಹುಡುಗ ಖಂಡೆಪ್ಪ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ಕೆಲಸ. ಅವ್ವ ಈ ಸಲ ಪತ್ತಾರನನ್ನು ಕರೆಸಿ ಹಿತ್ತಲಲ್ಲಿ ಕೂಡಿಸಿಯೇಬಿಟ್ಟಳು.

"ಅವರು ಹೂಂ ಅಂದ್ರ ಇವತ್ತೇ ಚುಚ್ಚಿಸ್ತೀನಿ, ಶಿವಕಾಂತಾ."

"ನನ್ನ ಜೀವ ಹೋದ್ರ?"

"ಎಲ್ಲಾರ ಜೀವಾ ಹೋಗ್ಯಾದೇನು? ಸುಮ್ಮ ಕುಂದ್ರು."

ಖಂಡೆಪ್ಪ ತನ್ನ ತಾಯಿ ಮಾಳಮ್ಮನ ಜೊತೆ ಬಂದು ಕೂತ. ಆ ಗಟ್ಟಿಮುಟ್ಟಾದ ಗಂಡಸಿನ ಮೂಗಿನಲ್ಲಿ ಮೂಗುತಿ ಮಿನುಗುತ್ತಿತ್ತು. ನನ್ನ ಸೋದರಮಾವ ನರಸಪ್ಪನಿಗೆ ನಗು ತಡೆಯಲಾಗಲಿಲ್ಲ.

"ಇಬ್ಬರೊಳಗ ಹೆಣ್ಣು ಯಾರ್ರೀ?"

ಖಂಡೆಪ್ಪ ತಲೆ ತಗ್ಗಿಸಲಿಲ್ಲ. "ನನ್ನ ಮುಂಚೆ ಹುಟ್ಟಿದ ಕೂಸುಗಳು ಒಂದೂ ಉಳೀಲಿಲ್ರಿ. ಯಮ ಹೆಣ್ಣಂತ ತಿಳದು ಬಿಟ್ಟು ಹೋಗ್ಲಿ ಅಂತ ಅವ್ವ ನನ್ನ ಮೂಗು ಚುಚ್ಚಿಸ್ಯಾಳ. ಗಣಿಯಾಗ ಎಲ್ಲಾರೂ ನಗ್ತಾರ. ತೆಗೆದ್ರ ಅವ್ವ ಅಂಜ್ತಾಳ್ರಿ."

ಮೂಗು ಚುಚ್ಚಿಸಿದ್ದಕ್ಕೇ ನನ್ನನ್ನು ಕರೆದೊಯ್ಯಲು ಬಂದಿದ್ದ ಯಮ, ಮೂಗುತಿ ನೋಡಿಯೇ ಇವನನ್ನು ಬಿಟ್ಟಿದ್ದನಂತೆ.

"ಅದನ್ನ ತೆಗೀಲಿ, ಆಮ್ಯಾಲ ಮಾತು," ಎಂದ ಮಾವ. ಮಾಳಮ್ಮನ ಮುಖ ಕಪ್ಪಿಟ್ಟಿತು. ಮಗನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ನನಗೆ ಇನ್ನು ತಡೆಯಲಾಗಲಿಲ್ಲ. "ಅವರು ತೆಗೆಯೋದು ಬ್ಯಾಡ. ನಾನೂ ಚುಚ್ಚಿಸಿಕೊಳ್ಳಂಗಿಲ್ಲ. ಒಮ್ಮೆ ಚುಚ್ಚಿಸಿ ಸಾಯಾಕತ್ತಿದ್ದೆ. ಒಪ್ಪಿಗಿ ಇದ್ರ ಹೇಳ್ರಿ, ಇಲ್ಲಂದ್ರ ಚಹಾ ಕುಡದು ಹೋಗ್ರಿ."

ಅವ್ವ ಬಾಯಿಗೆ ಸೆರಗು ಹಿಡಿದಳು. ಮಾಳಮ್ಮ ಎದ್ದು ಬಂದು ನನ್ನ ಮೂಗಿನ ಗಂಟನ್ನು ಬೆರಳಿಂದ ಮೆಲ್ಲಗೆ ಮುಟ್ಟಿದಳು.

"ಭಾಳ ತ್ರಾಸ ಆಗಿತ್ತೇನವಾ?"

ಅಷ್ಟು ವರ್ಷಗಳಲ್ಲಿ ಯಾರೂ ಕೇಳದ ಮಾತು. ನಾನು ಅತ್ತುಬಿಟ್ಟೆ. ಮಾಳಮ್ಮ ನನ್ನ ಕಣ್ಣೊರೆಸಿ ಮಾವನ ಕಡೆ ತಿರುಗಿದಳು.

"ಜೋಡಿಗೊಂದು ಮೂಗುತಿ ಸಾಕ್ರಿ. ನನ್ನ ಮಗನ ಮೂಗಿನಾಗ ಅದ."

ಪತ್ತಾರ ಚಹಾ ಕುಡಿದು ಮನೆಗೆ ಹೋದ. ಮದುವೆಯ ಹಂದರದಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಖಂಡೆಪ್ಪನ ಪಕ್ಕದಲ್ಲಿ ಬೋಳು ಮೂಗು ಎತ್ತಿಕೊಂಡೇ ಕೂತಿದ್ದೆ.