ಮೂಸಾರ ಪತ್ನಿಗೆ ಶಾಲು

ಮೂವತ್ತೊಂದು ವರ್ಷದಿಂದ ನರಿಕೊಂಬಿನ ನಮ್ಮ ಜಮಾಅತಿನಲ್ಲಿ ಯಾವ ಹೆಂಗಸು ತೀರಿಕೊಂಡರೂ ಮಯ್ಯಿತ್ತಿಗೆ ಕೊನೆಯ ಸ್ನಾನ ಮಾಡಿಸುವವಳು ನಾನು. ಅಧ್ಯಕ್ಷ ಅಬೂಬಕ್ಕರ್ ಹಾಜಿಯ ತಾಯಿಗೂ ನಾನೇ ಮಾಡಿಸಿದ್ದು. ಆ ಮನುಷ್ಯ ಮೊನ್ನೆ ಮನೆಗೆ ಬಂದು, ನನ್ನ ಕೈಯ ಚಾ ಕುಡಿದು, ಕೇಳಿದ್ದೇನು ಗೊತ್ತೇ?

“ಆದಿತ್ಯವಾರ ಮದ್ರಸದ ಹಾಲಿನಲ್ಲಿ ಜಮಾಅತಿನವರ ಪರಿಚಯ ಕೂಟ ಉಂಟು. ಸೇವೆ ಮಾಡಿದವರಿಗೆ ಸನ್ಮಾನವೂ ಉಂಟು. ನಿಮ್ಮ ಹೆಸರು ಎಂತದು?”

ಮೈಯೆಲ್ಲ ಉರಿದುಹೋಯಿತು. ಆದರೂ ಹೇಳಿದೆ, ಜುಲೈಕಾ ಎಂದು. ಅಷ್ಟಕ್ಕೇ ಮುಗಿಯಲಿಲ್ಲ.

“ಸ್ಟೇಜಿಗೆ ನಿಮ್ಮ ಮಗ ಶಾಫಿ ಬಂದರೆ ಸಾಕು. ಹೆಂಗಸರಿಗೆ ಮಹಡಿಯಲ್ಲಿ ವ್ಯವಸ್ಥೆ ಮಾಡಿದ್ದೇವೆ.”

ಶಾಫಿಯಂತೆ! ಸಾವಿನ ಮನೆಯ ಅಂಗಳಕ್ಕೆ ಕಾಲಿಡಲೂ ಹೆದರುವ ಪುಕ್ಕಲ ಅವನು.

“ಹಾಗಾದ್ರೆ ಮುಂದಿನ ಮಯ್ಯಿತ್ತಿಗೂ ಅವನನ್ನೇ ಕರೀರಿ, ಹಾಜಿಯವರೇ.”

“ಅಸ್ತಗ್‌ಫಿರುಲ್ಲಾ! ಎಂತ ಮಾತಾಡ್ತೀರಿ? ಗಂಡಸು ಮುಟ್ಲಿಕ್ಕುಂಟಾ?”

“ಮುಟ್ಲಿಕ್ಕೆ ನಾನು, ಶಾಲಿಗೆ ಅವನು. ಒಳ್ಳೆ ನ್ಯಾಯ ಮಾರಾಯ್ರೆ! ಮಹಡಿಗೆ ಶಾಲು ತಂದುಕೊಡ್ಲಿಕ್ಕೆ ನಿಮ್ಮ ಮನೆಯಲ್ಲಿ ಒಬ್ಬಳು ಹೆಂಗಸಾದರೂ ಇಲ್ವಾ?”

“ನೋಡುವ,” ಎಂದು ಹಾಜಿ ಎದ್ದರು. ನಮ್ಮೂರಿನಲ್ಲಿ ನೋಡುವ ಎಂದರೆ ಆಗುವುದಿಲ್ಲ ಎಂದೇ ಲೆಕ್ಕ.

ಆದಿತ್ಯವಾರ ಹೆಂಗಸರೆಲ್ಲ ಮಹಡಿಯಲ್ಲಿ ಕೂತೆವು. ಕೆಳಗೆ ಗಂಡಸರು ಒಬ್ಬೊಬ್ಬರೇ ಎದ್ದು ಹೆಸರು, ಮನೆ, ಕೆಲಸ ಹೇಳಿದರು. ಮೊನ್ನೆ ದುಬೈಯಿಂದ ಬಂದಿಳಿದವನಿಗೂ ಮೈಕು ಸಿಕ್ಕಿತು. ಮಹಡಿಗೆ ಮಾತ್ರ ಅದು ಹತ್ತಲೇ ಇಲ್ಲ. ಆಮೇಲೆ ಹಾಜಿಯ ಸ್ವರ ಕೇಳಿತು: “ಮರ್‌ಹೂಂ ಮೂಸಾರ ಪತ್ನಿಯ ಪರವಾಗಿ ಮಗ ಶಾಫಿ.”

ಮತ್ತೆ ನನ್ನ ಹೆಸರು ಕೇಳಿಕೊಂಡು ಹೋದದ್ದು ಯಾಕೆ, ಉಪ್ಪಿನಕಾಯಿ ಹಾಕಲಿಕ್ಕಾ? ಗಂಡ ತೀರಿ ಹನ್ನೆರಡು ವರ್ಷ. ಸತ್ತವರಿಗೆ ಹೆಸರುಂಟು, ಬದುಕಿರುವ ನನಗಿಲ್ಲ.

ಶಾಫಿ ಶಾಲು ಹಿಡಿದುಕೊಂಡು ಹಲ್ಲು ಕಿಸಿಯುತ್ತ ಮೆಟ್ಟಿಲು ಹತ್ತಿ ಬಂದ.

“ಉಮ್ಮಾ, ತಗೊಳ್ಳಿ.”

“ಕೊಂಡುಹೋಗಿ ಅವರಿಗೇ ಕೊಡು! ನನ್ನ ಹೆಸರು ಜುಲೈಕಾ ಅಂತ ಹೇಳು!” ಕೆಳಗಿನವರಿಗೆಲ್ಲ ಕೇಳಲೆಂದೇ ಕಿರುಚಿದೆ. ಶಾಫಿ ತಲೆ ತಗ್ಗಿಸಿ ಇಳಿದುಹೋದ.

ಪಕ್ಕದಲ್ಲಿ ಕೂತಿದ್ದ ನೆರೆಮನೆಯ ಉನೈಸನ ಹೆಂಡತಿ ನನ್ನ ಕೈ ಹಿಡಿದಳು. ವೇಣೂರಿನ ಹುಡುಗಿ, ಮದುವೆಯಾಗಿ ಬಂದು ಒಂದು ವರ್ಷ. ಹೋದ ತಿಂಗಳು ಅವಳ ಅತ್ತೆಯ ಸ್ನಾನಕ್ಕೆ ಉಳಿದವರೆಲ್ಲ ಹಿಂದೆ ಸರಿದಾಗ ನನ್ನ ಜೊತೆ ನಿಂತು ನೀರು ಹೊಯ್ದವಳು ಇವಳೊಬ್ಬಳೇ.

“ಜುಲೈಕಾ ಮಾಮೀ, ಅವರು ಹೇಳದಿದ್ರೆ ಬೇಡ, ನಾನು ಹೇಳ್ತೇನೆ. ನಮ್ಮ ಅತ್ತೆಯನ್ನು ನೀವು ಎಷ್ಟು ಮೆಲ್ಲ ಮುಟ್ಟಿದ್ರಿ, ನಾನು ನೋಡಿದ್ದೇನೆ. ನಿಮ್ಮ ಉಪಕಾರ ಮರೀಲಿಕ್ಕಿಲ್ಲ.”

ಅವತ್ತಿನ ಅವಳ ಉಪಕಾರವನ್ನು ನಾನೂ ಹೇಳಬೇಕೆಂದು ಬಾಯಿ ತೆರೆದೆ. ಕರೆಯಲಿಕ್ಕೆ ಹೆಸರೇ ಬಾಯಿಗೆ ಬರಲಿಲ್ಲ. ಒಂದು ವರ್ಷದಿಂದ ನಾನು ಅವಳನ್ನು ಉನೈಸನ ಹೆಂಡತಿ ಎಂದೇ ಕರೆಯುತ್ತಿದ್ದೆ.

ಥೂ ನನ್ನ ಜನ್ಮಕ್ಕೆ!

“ನಿನ್ನ ಹೆಸರೆಂತ, ಮಗಾ?” ಎಂದು ಕೇಳಿದೆ.

“ರಶೀನಾ,” ಎಂದಳು.